ಮಾಸ್ತರರ ಮಗಳಿಗೆ ಸಿಟ್ಟು ಬಂದಿದೆ

ಅವನು ಏಳಲಿಲ್ಲ.

ಎಕ್ಸ್‌ರೇ ಮಶೀನಿನ ಕೆಳಗಿನ ಮುಚ್ಚಳ ಬಿಚ್ಚಿಟ್ಟು, ನೆಲದ ಮೇಲೆ ಅಂಗಾತ ಮಲಗಿ, ತಲೆಯನ್ನು ಅದರ ಹೊಟ್ಟೆಯೊಳಗೆ ತೂರಿಸಿಕೊಂಡಿದ್ದ ಆಸ್ಟಿನ್, ಬಾಗಿಲಲ್ಲಿ ಕೊನ್ರಾಡ್ ಮಾಸ್ತರರ ದನಿ ಕೇಳಿದ ಮೇಲೂ ಏಳಲಿಲ್ಲ. ಹೊರಗೆ ಕಾಣುತ್ತಿದ್ದದ್ದು ಅವನ ಕಂಪೆನಿಯ ನೀಲಿ ಪ್ಯಾಂಟು, ಧೂಳು ಹಿಡಿದ ಸೇಫ್ಟಿ ಶೂ, ಸ್ಕ್ರೂಡ್ರೈವರ್ ಹಿಡಿದ ಒಂದು ಕೈ.

"ಆಸ್ಟಿನ್, ನೀನಾ?" ಎಂದರು ಮಾಸ್ತರರು. ಮುಖವಿಡೀ ಅರಳಿತ್ತು.

"ಹೌದು ಸರ್," ಎಂದಿತು ಮಶೀನಿನ ಹೊಟ್ಟೆ. ಅಷ್ಟೇ. ಸ್ಕ್ರೂಡ್ರೈವರ್ ತಿರುಗುತ್ತಲೇ ಇತ್ತು.

ಡೆಲ್ಮಾ ತಂದೆಯ ಮೊಣಕೈ ಹಿಡಿದು ನಿಂತಿದ್ದಳು. ಕುವೈತಿನ ಜಹ್ರಾದ ಈ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆಯುವವಳು ಅವಳೇ. ತಂದೆಯ ಭುಜದ ನೋವಿಗೆ ಒಂದು ಫಿಲ್ಮ್ ತೆಗೆಯೋಣವೆಂದು ಕರೆತಂದರೆ ಮಶೀನ್ ಕೆಟ್ಟು ಕೂತಿತ್ತು. ರೂಮಿನಲ್ಲಿದ್ದ ಒಂದೇ ಕುರ್ಚಿಯ ಮೇಲೆ ಆಸ್ಟಿನ್‌ನ ಟೂಲ್ ಬ್ಯಾಗು ಅರಸನ ಹಾಗೆ ಕೂತಿತ್ತು.

ಮ್ಯಾನೇಜರ್ ಜೇಮ್ಸ್ ಬಾಗಿಲಲ್ಲಿ ಇಣುಕಿದ. "ಎಂತ ಮಾಸ್ಟ್ರೇ, ನಿಮ್ಮ ಶಿಷ್ಯ ಕೂತ್ಕೊಳ್ಳಿ ಅಂತಲೂ ಹೇಳ್ಲಿಲ್ವಾ? ಯಲ್ಲಾ, ಬೇಗ ಆಸ್ಟಿನ್, ಹೊರಗೆ ಪೇಶೆಂಟ್ಸ್ ಗಲಾಟೆ ಮಾಡ್ತಿದ್ದಾರೆ."

ಡೆಲ್ಮಾ ಬ್ಯಾಗನ್ನು ಎತ್ತಿ ನೆಲಕ್ಕೆ ಬಿಟ್ಟಳು. ಇಡಲಿಲ್ಲ, ಬಿಟ್ಟಳು. ಒಳಗಿದ್ದ ಕಬ್ಬಿಣವೆಲ್ಲ ಒಟ್ಟಿಗೆ ಕಿರುಚಿತು. ಸ್ಕ್ರೂಡ್ರೈವರ್ ಹಿಡಿದ ಕೈ ಒಂದು ಕ್ಷಣ ನಿಂತು, ಮತ್ತೆ ಕೆಲಸ ಮುಂದುವರಿಸಿತು.

ಕೊನೆಗೆ ಅವನು ಹೊರಬಂದಾಗ ಕೂದಲಲ್ಲಿ ಬಲೆಯಂತೆ ಧೂಳು. ಹುಬ್ಬಿನ ಮೇಲೆ ಗ್ರೀಸಿನ ಗೆರೆ. ಆ ಗೆರೆಯ ಕೆಳಗಿನ ಕಣ್ಣುಗಳು ಮೊದಲು ಹುಡುಕಿದ್ದು ಅವಳನ್ನೇ. ಅದೂ ಅವಳಿಗೆ ಸಿಟ್ಟು ತರಿಸಿತು. ಆ ಕಣ್ಣುಗಳು ಚಂದ ಇವೆ ಎಂದು ಮನಸ್ಸು ಯೋಚಿಸಿದ್ದಕ್ಕೆ ಇನ್ನೂ ಸಿಟ್ಟು ಬಂತು.

"ಮಶೀನ್ ಸರಿ ಉಂಟು," ಎಂದ. "ಒಂದು ಟೆಸ್ಟ್ ಮಾಡಿ ನೋಡ್ತೀರಾ?"

"ನಿಮ್ಮ ತಲೆಯದ್ದೇ ತೆಗೆಯುವ. ಒಳಗೆ ಎಂತಾದ್ರೂ ಉಂಟಾ ಅಂತ ಗೊತ್ತಾಗ್ಲಿ."

ಅವನ ತುಟಿಯ ಒಂದು ಮೂಲೆ ಮೇಲೇರಿತು. ನಗು ಪೂರ್ತಿಯಾಗುವ ಮೊದಲೇ ಹೊರಗಿನಿಂದ ಡ್ರೈವರ್ ಹಾರ್ನ್ ಹೊಡೆದ. ಮೀನಾ ಅಬ್ದುಲ್ಲಾ ಎಂಬ ಊರಿನ ಯಾವುದೋ ಲೇಬರ್ ಕ್ಯಾಂಪ್ ಕ್ಲಿನಿಕ್ಕಿನಲ್ಲಿ ಇನ್ನೊಂದು ಮಶೀನ್ ಕಾಯುತ್ತಿತ್ತು. ಆಸ್ಟಿನ್ ಮಾಸ್ತರರ ಕಡೆ ತಲೆ ಬಾಗಿಸಿ ನಡೆದುಬಿಟ್ಟ.

ಬೇರೆ ಯಾರೋ ಹೀಗೆ ಮಾಡಿದ್ದರೆ ಡೆಲ್ಮಾ ಮರೆಯುತ್ತಿದ್ದಳು. ಆದರೆ ಇವನು?

ಕೊನ್ರಾಡ್ ಮಾಸ್ತರರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಒಂದು ಟ್ರೇಡಿಂಗ್ ಕಂಪೆನಿಯ ಆಫೀಸಿನಲ್ಲಿ ಅಕೌಂಟೆಂಟ್. ಹರೆಯದಲ್ಲಿ ಪಾದ್ರಿಯಾಗಲು ಹೋಗಿ, ಅಲ್ಲಿ ಹೀಬ್ರೂ ಕಲಿತು, ಪಾದ್ರಿಯಾಗದೆ ಫೆಲ್ಸಿಯನ್ನು ಮದುವೆಯಾಗಿ ಕುವೈತಿಗೆ ಬಂದವರು. ವಾರದ ರಜೆಯಾದ ಶುಕ್ರವಾರ, ಚರ್ಚಿನ ಬಲಿಪೂಜೆ ಮುಗಿದ ಮೇಲೆ ಕೆಳಗಿನ ಹಾಲಿನಲ್ಲಿ ಅವರದ್ದೊಂದು ಪಾಠ. ಧರ್ಮಗ್ರಂಥವಾದ ತೋರಾವನ್ನು ತಲೆಮಾರುಗಟ್ಟಲೆ ಓದಿ, ಅದರ ಒಂದೊಂದು ಮಾತಿಗೂ ತಮ್ಮತಮ್ಮೊಳಗೆ ಜಗಳವಾಡಿದ ಯೆಹೂದಿ ಗುರುಗಳೆಂದರೆ ಅವರಿಗೆ ಪ್ರಾಣ. "ನಮ್ಮ ಯೇಸು ಕಲಿತದ್ದು ಇವರ ಶಾಲೆಯಲ್ಲಿ ಮಾರಾಯ್ರೆ," ಎನ್ನುತ್ತಿದ್ದರು. ಈ ಊರಿನಲ್ಲಿ ಯೆಹೂದಿ ಎಂಬ ಹೆಸರನ್ನು ದೊಡ್ಡದಾಗಿ ಹೇಳುವ ರೂಢಿಯಿಲ್ಲ. ಹಾಲಿನಲ್ಲಿ ಅವರೆಲ್ಲ ಬರೀ 'ಹಳೆ ಗುರುಗಳು'.

ಆ ಪಾಠಕ್ಕೆ ಒಂದು ದಿನವೂ ತಪ್ಪದೆ ಬರುವವನು ಆಸ್ಟಿನ್. ಕಳೆದ ಶುಕ್ರವಾರ ಮದುವೆಯ ವಯಸ್ಸಿನ ಹುಡುಗ ಹುಡುಗಿಯರಿಗೆ ಮಾತನಾಡಲು ಮಾಸ್ತರರು ಅವನನ್ನೇ ನಿಲ್ಲಿಸಿದ್ದರು. ಅವನು ಚೆನ್ನಾಗಿಯೇ ಮಾತನಾಡಿದ. ಶಾಸ್ತ್ರ ಬಲ್ಲವನು ಹತ್ತಿರ ಬಂದರೆ ಎದ್ದು ನಿಲ್ಲಬೇಕು, ಅದು ಮನುಷ್ಯನಿಗಲ್ಲ, ಅವನೊಳಗಿನ ವಿದ್ಯೆಗೆ ಕೊಡುವ ಗೌರವ ಎಂದ. ಮದುವೆಯಾಗುವವನು ಕುಲ, ಹಣ, ಬಣ್ಣ ನೋಡಬಾರದು, ಇದ್ದದ್ದನ್ನೆಲ್ಲ ಮಾರಿಯಾದರೂ ಪಂಡಿತನ ಮಗಳನ್ನು ತರಬೇಕು ಅಂತ ಹಳೆ ಗುರುಗಳು ಹೇಳ್ತಾರೆ ಎಂದ.

ಹಾಗೆನ್ನುವಾಗ ಅವನ ದೃಷ್ಟಿ ಹಾಲಿನ ತುದಿಯವರೆಗೆ ನಡೆದು ಬಂದು, ಕೊನೆಯ ಸಾಲಿನಲ್ಲಿ ಬಾಗಿಲ ಬಳಿ ಕೂತಿದ್ದ ಅವಳ ಮೇಲೆ ನಿಂತಿತು. ಒಂದು ರೆಪ್ಪೆ ಬಡಿಯುವಷ್ಟು ಹೊತ್ತು. ಅವಳು ತಲೆ ತಗ್ಗಿಸಿದಳು, ಕುತ್ತಿಗೆ ಬಿಸಿಯಾಯಿತು. ಪಕ್ಕದಲ್ಲಿದ್ದ ಗೆಳತಿ ಶರ್ಲಿನ್ ಮೊಣಕೈಯಿಂದ ತಿವಿದು, "ಪಾಪ, ಅವನ ಆ ಹಳೆ ಕಾರು ಯಾರು ತಗೊಳ್ತಾರೆ? ನಿನ್ನನ್ನು ಕಟ್ಕೊಳ್ಳಿಕ್ಕೆ ಅದನ್ನೂ ಮಾರ್ಬೇಕಲ್ಲ," ಎಂದಳು.

ಆಗ ಅವಳಿಗೆ ನಗು ಬಂದಿತ್ತು. ನಿಜ.

ಮನೆಗೆ ಬಂದು ಚಪ್ಪಲಿ ಬಿಚ್ಚುವಷ್ಟರಲ್ಲಿ ಅಮ್ಮ ಹೇಳಿದರು. "ಆಸ್ಟಿನ್ ಪಪ್ಪನ ಹತ್ತಿರ ನಿನ್ನನ್ನು ಕೇಳಿದ್ದಾನೆ ಮಗಳೇ. ಪಪ್ಪ ಆಯ್ತು ಅಂದ್ರು. ಚರ್ಚಿನ ಒಲಿಂಡಾ ಆಂಟಿಗೂ ಹೇಳಿ ಆಯ್ತು."

"ನನ್ನನ್ನು ಯಾರು ಕೇಳಿದ್ರು?"

ಫೆಲ್ಸಿ ಸೌಟು ಹಿಡಿದು ನಿಂತೇ ಇದ್ದರು.

ಮಶೀನ್ ಸರಿಯಾದ ಮೇಲೆ ಅಪ್ಪನ ಫಿಲ್ಮ್ ತೆಗೆದು, ಜಹ್ರಾದಿಂದ ವಾಪಸ್ ಬರುವಾಗ ಸಿಕ್ಸ್ತ್ ರಿಂಗ್ ರೋಡಿನಲ್ಲಿ ಧೂಳು ಎದ್ದಿತ್ತು. ಮುಂದಿನ ಲಾರಿಯ ಕೆಂಪು ದೀಪ ಮಾತ್ರ ಕಾಣುತ್ತಿತ್ತು. ಪಕ್ಕದಲ್ಲಿ ಮಾಸ್ತರರು ಗೆದ್ದವರಂತೆ ಕೂತಿದ್ದರು.

"ನೋಡಿದ್ಯಾ? ಅವನು ಏಳ್ಲಿಲ್ಲ!"

"ನೋಡಿದೆ ಪಪ್ಪ. ಇಡೀ ಕ್ಲಿನಿಕ್ ನೋಡಿತು."

"ಅದೇ ಸರಿ. ಕೂಲಿಗೆ ಕೆಲಸ ಮಾಡುವವನು ಕೆಲಸದ ನಡುವೆ ಗುರುವಿಗೂ ಏಳಬಾರದು. ಆ ಹೊತ್ತು ಅವನದ್ದಲ್ಲ, ಕೂಲಿ ಕೊಟ್ಟವನದ್ದು. ಬೇರೆಯವರ ಹೊತ್ತಲ್ಲಿ ನನಗೆ ಮರ್ಯಾದೆ ಕೊಟ್ರೆ ಅದು ಕದ್ದ ಮರ್ಯಾದೆ. ನಾನು ಯಾವತ್ತೋ ಒಮ್ಮೆ ಹೇಳಿದ್ದು, ಅವನು ನೆನಪಿಟ್ಟಿದ್ದಾನೆ. ನಾನು ಬೇಕಂತಲೇ ಕರೆದೆ, ಏಳ್ತಾನಾ ಅಂತ. ಪಾಸ್!"

ಡೆಲ್ಮಾ ಮುಂದಿನ ಲಾರಿಗೆ ಸುಮ್ಮಸುಮ್ಮನೆ ಹಾರ್ನ್ ಹೊಡೆದಳು. ಅಂದರೆ ಇದು ಪರೀಕ್ಷೆ. ಇಬ್ಬರು ಗಂಡಸರು ಅವಳ ತಲೆಯ ಮೇಲಿಂದ ಒಬ್ಬರಿಗೊಬ್ಬರು ಪ್ರಶ್ನೆಪತ್ರಿಕೆ ದಾಟಿಸಿಕೊಂಡಿದ್ದಾರೆ. ಗೆದ್ದವನಿಗೆ ಬಹುಮಾನವಾಗಿ ಅವಳು ಪಕ್ಕದಲ್ಲಿ ಮೊಣಕೈ ಹಿಡಿದು ನಿಂತಿದ್ದಳು, ಟೂಲ್ ಬ್ಯಾಗಿಗೆ ಸಿಕ್ಕಿದಷ್ಟು ಮರ್ಯಾದೆಯೂ ಇಲ್ಲದೆ.

"ನಿಮ್ಮ ಗುರುಗಳು ಇನ್ನೊಂದು ಹೇಳಿದ್ದಾರೆ ಪಪ್ಪ. ಮಗಳು ಬೆಳೆದು, ಅವಳ ಬಾಯಲ್ಲೇ 'ಇವನು ಬೇಕು' ಅಂತ ಹೇಳುವವರೆಗೆ ಅಪ್ಪ ಅವಳನ್ನು ಕೊಡಬಾರದು ಅಂತ. ಅದು ನೆನಪಿಲ್ವಾ?"

ಮಾಸ್ತರರು ಸುಮ್ಮನಾದರು. ಡೆಲ್ಮಾಳಿಗೆ ಮೌನಗಳಲ್ಲಿ ತುಂಬ ಬಗೆ ಗೊತ್ತಿತ್ತು. ತಪ್ಪೊಪ್ಪುವ ಮೌನ ಬೇರೆ, ಹಟದ್ದು ಬೇರೆ. ಇದು ಎರಡೂ ಅಲ್ಲ. ಇದು ಒಂದೆರಡು ವರ್ಷದಿಂದ ಶುರುವಾದದ್ದು: ಮನೆಯಲ್ಲಿ ಲೈಟು ಹೋದಾಗ ಗೋಡೆ ತಡವುತ್ತ ನಡೆಯುತ್ತೇವಲ್ಲ, ಹಾಗೆ.

"ನಾವು ಜಹ್ರಾಕ್ಕೆ ಎಂತಕ್ಕೆ ಬಂದದ್ದು ಡೆಲ್ಮಾ?"

"ಭುಜದ ಎಕ್ಸ್‌ರೇಗೆ ಪಪ್ಪ."

"ಹೌದಲ್ಲ. ಹೌದು."

ಅವಳ ಸಿಟ್ಟಿಗೆ ಹೋಗಲು ಜಾಗವಿರಲಿಲ್ಲ. ಅಪ್ಪನನ್ನು ಬೈಯುವಂತಿಲ್ಲ. ರೋಗವನ್ನು ಬೈದು ಪ್ರಯೋಜನವಿಲ್ಲ. ಉಳಿದವನು ಒಬ್ಬನೇ.

ಆ ಒಬ್ಬನು ಅದೇ ಸಂಜೆ, ಅವಳ ಮನೆಯ ಹತ್ತಿರ, ಫರ್ವಾನಿಯಾದ ಇರಾನಿ ರೊಟ್ಟಿಯಂಗಡಿಯ ಸಾಲಿನಲ್ಲಿ ಸಿಕ್ಕಿದ. ಬಿಸಿಲು ಕಟ್ಟಡಗಳ ನೆತ್ತಿಗೆ ಏರಿಹೋಗಿತ್ತು. ಗೋಡೆಗಳು ಮಾತ್ರ ಹಗಲಿಡೀ ಕುಡಿದ ಬಿಸಿಯನ್ನು ಹೊರಗೆ ಉಗುಳುತ್ತಿದ್ದವು. ಸಾಲಿನಲ್ಲಿ ಅವಳ ಹಿಂದೆ ಯಾರೋ ಬಂದು ನಿಂತರು. ಗ್ರೀಸಿನ ವಾಸನೆ, ಅದರಡಿಯಲ್ಲಿ ಸೋಪಿನದ್ದು. ತಿರುಗಿ ನೋಡದೆಯೇ ಗೊತ್ತಾಯಿತು.

"ಡ್ಯೂಟಿ ಮುಗಿಯಿತು," ಎಂದ ಆಸ್ಟಿನ್. "ಸರ್‌ಗೆ ಬೇಜಾರಾಯ್ತಾ?"

"ಸರ್‌ಗೆ ಖುಷಿಯೋ ಖುಷಿ. ನೀನು ಪಾಸಂತೆ. ಕಂಗ್ರಾಟ್ಸ್."

ಮನೆಯಲ್ಲಿ ಇಬ್ಬರದ್ದೂ ಕೊಂಕಣಿ. ಆದರೆ ಅವಳಿಗೆ ಸಿಟ್ಟು ಯಾವಾಗಲೂ ಕನ್ನಡದಲ್ಲೇ ಬರುತ್ತಿತ್ತು; ಕೊಂಕಣಿಯಲ್ಲಿ ಪ್ರಾರ್ಥನೆ ಜಾಸ್ತಿ ಮಾಡಿದ್ದಳು.

"ಮತ್ತೆ ನಿಮಗೆ?"

"ನನಗಾ? ನನ್ನ ವಿಷಯ ಎಂತಕ್ಕೆ? ನೀನು ಕೇಳಿದ್ದು ಪಪ್ಪನನ್ನು. ಆಯ್ತು ಅಂದದ್ದು ಪಪ್ಪ. ಪರೀಕ್ಷೆ ಮಾಡಿದ್ದೂ ಪಪ್ಪ. ಹಾಗಾದ್ರೆ ಪಪ್ಪನನ್ನೇ ಮದುವೆ ಆಗು. ಮಮ್ಮಿಯ ಹತ್ತಿರ ನಾನು ಮಾತಾಡ್ತೇನೆ."

ಮುಂದೆ ನಿಂತಿದ್ದ ಹೆಂಗಸು ತಿರುಗಿ ನೋಡಿದಳು. ಸಾಲು ಒಂದು ಹೆಜ್ಜೆ ಮುಂದೆ ಹೋಯಿತು.

"ನಾನು ಕೇಳಿದ್ದು ಹಾಗಲ್ಲ," ಎಂದ ಆಸ್ಟಿನ್, ದನಿ ತಗ್ಗಿಸಿ. "ಡೆಲ್ಮಾಳ ಹತ್ತಿರ ಒಂದು ಮಾತು ಕೇಳಬಹುದಾ ಸರ್ ಅಂದೆ. ಅವರು ಕೈ ಕುಲುಕಿ, ಖಲಾಸ್, ಆಯ್ತು, ಮದುವೆ ಅಂದ್ರು. ಮರುದಿನ ಒಲಿಂಡಾ ಆಂಟಿ ನನಗೆ ಫೋನ್ ಮಾಡಿ ಸೂಟಿನ ಬಣ್ಣ ಕೇಳಿದ್ರು."

"ಆಗ ಅಲ್ಲ ಅಂತ ಹೇಳ್ಲಿಕ್ಕೆ ನಾಲಿಗೆ ಇರ್ಲಿಲ್ವಾ?"

"ಇತ್ತು. ಅವರು ಅಷ್ಟು ಖುಷಿಯಲ್ಲಿದ್ರು. ಹೇಳ್ಲಿಲ್ಲ. ಅದು ನನ್ನ ತಪ್ಪು."

ಒಪ್ಪಿಕೊಂಡದ್ದು ಅವಳನ್ನು ಇನ್ನೂ ಕೆರಳಿಸಿತು. ಜಗಳಕ್ಕೆ ಬಂದವನು ಹೀಗೆ ಬಾಗಿಲು ತೆರೆದಿಟ್ಟರೆ ಒದೆಯುವುದು ಎಲ್ಲಿಗೆ? ಅವಳು ಪೂರ್ತಿ ಅವನ ಕಡೆಗೆ ತಿರುಗಿದಳು. ಹುಬ್ಬಿನ ಗ್ರೀಸನ್ನು ತೊಳೆದಿದ್ದ. ಕಿವಿಯ ಹಿಂದೆ ಸ್ವಲ್ಪ ಉಳಿದಿತ್ತು.

"ನಿನಗೆ ಬೇಕಾದದ್ದು ಪಂಡಿತನ ಮಗಳು. ಹಾಲಿನಲ್ಲಿ ಮೈಕ್ ಹಿಡಿದು ಹೇಳಿದ್ಯಲ್ಲ. ಹಾಗಾದ್ರೆ ಒಂದು ವಿಷಯ ತಿಳ್ಕೊ. ಪಂಡಿತ ಮುಗೀತಾ ಬಂದಿದ್ದಾರೆ. ಪಪ್ಪ ಮರೀತಿದ್ದಾರೆ ಆಸ್ಟಿನ್. ಇವತ್ತು ಜಹ್ರಾಕ್ಕೆ ಯಾಕೆ ಬಂದದ್ದು ಅಂತ ಕೇಳಿದ್ರು. ನಾಳೆ ನಿನ್ನ ಹೆಸರು ಮರೀತಾರೆ. ಆಮೇಲೆ ನನ್ನದು. ಆಗ ನಾನು ಯಾರ ಮಗಳು? ಆಗ ನೀನು ಎಂತ ಮಾರಿ ಯಾರನ್ನು ತರ್ತಿ?"

ಕೊನೆಯ ಮಾತಿಗೆ ದನಿ ಒಡೆಯಿತು. ಇದನ್ನು ಅವಳು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಅಮ್ಮನ ಜೊತೆಗೂ ನೇರವಾಗಿ ಮಾತನಾಡಿರಲಿಲ್ಲ. ರೊಟ್ಟಿಯಂಗಡಿಯ ಸಾಲಿನಲ್ಲಿ, ಬೆವರು ಒರೆಸಿಕೊಳ್ಳುತ್ತಿದ್ದ ಅಪರಿಚಿತರ ನಡುವೆ ಹೇಳಿಬಿಟ್ಟಿದ್ದಳು.

"ಗೊತ್ತುಂಟು," ಎಂದ ಆಸ್ಟಿನ್.

"ಎಂತ ಗೊತ್ತುಂಟು?"

"ಸರ್ ಮರೀತಾರೆ ಅಂತ. ಕಳೆದ ವರ್ಷದಿಂದ ಗೊತ್ತುಂಟು."

ಅವಳು ದುಪಟ್ಟಾದಿಂದ ಮುಖದ ಬೆವರು ಒರೆಸಿದಳು.

"ನೀನು ಕೊನೆಯ ಸಾಲಲ್ಲಿ ಕೂತಿರ್ತಿ. ಸರ್ ಪಾಠದ ಮಧ್ಯೆ ಸುಮ್ಮನಾಗ್ತಾರೆ. ಎಲ್ಲರೂ ಅವರು ಯೋಚನೆ ಮಾಡ್ತಿದ್ದಾರೆ ಅಂದ್ಕೊಳ್ತಾರೆ. ಆಗ ನೀನು ಕೈ ಎತ್ತಿ ಒಂದು ಪ್ರಶ್ನೆ ಕೇಳ್ತಿ. ಆ ಪ್ರಶ್ನೆಯ ಒಳಗೇ ಅವರು ಮರೆತದ್ದು ಇರ್ತದೆ. ಅವರು ಅದನ್ನು ಹಿಡ್ಕೊಂಡು ಮುಂದೆ ಹೋಗ್ತಾರೆ. ಒಮ್ಮೆ ಅಲ್ಲ, ಪ್ರತಿ ಶುಕ್ರವಾರ. ಪಾಠ ತಯಾರು ಮಾಡುವುದು ಯಾರು ಅಂತ ನನಗೆ ಆವಾಗಲೇ ಗೊತ್ತಾಯ್ತು."

ಮೊದಲ ಸಲ ಅವನು ಅವಳನ್ನು 'ನೀನು' ಎಂದಿದ್ದ. ಅವಳಿಗೆ ಅದು ತಡವಾಗಿ ತಿಳಿಯಿತು, ಬಿಸಿ ಚಹಾ ಗಂಟಲಿಳಿದ ಮೇಲೆ ಸುಡುವ ಹಾಗೆ.

ಗುರುವಾರಗಳ ರಾಶಿ ಅವಳ ಕಣ್ಣ ಮುಂದೆ ಬಂತು. ಅಪ್ಪನ ದಪ್ಪ ಪುಸ್ತಕಗಳು, ಅವಳದೇ ಹರಕು ಹೀಬ್ರೂ, ಊಟದ ಮೇಜಿನಲ್ಲಿ ಅಪ್ಪನಿಗೆ ಗೊತ್ತಾಗದ ಹಾಗೆ ಅಪ್ಪನಿಗೆ ಪಾಠ ಹೇಳಿಕೊಡುವ ಆ ನಾಟಕ. ಯಾರೂ ನೋಡಲಿಲ್ಲ ಎಂದುಕೊಂಡಿದ್ದಳು. ಯಾರೂ ನೋಡದಿರಲಿ ಎಂದೇ ಬಾಗಿಲ ಬಳಿ ಕೂರುತ್ತಿದ್ದಳು. ಈಗ ಯಾರೋ ನೋಡಿದ್ದಾರೆಂದು ತಿಳಿದು ಅಳು ಬರುವ ಬದಲು ಸಿಟ್ಟೇ ಬಂತು.

"ನೋಡಿಯೂ ಸುಮ್ಮನಿದ್ಯಾ? ಒಂದು ವರ್ಷ?"

"ನೀನು ಬಚ್ಚಿಟ್ಟದ್ದನ್ನು ನಾನು ತೆಗೆದು ತೋರಿಸುವುದಾ?" ಅವನು ಕೈಯಲ್ಲಿದ್ದ ಕಂಪೆನಿಯ ಟೋಪಿಯನ್ನು ಮಡಚಿದ. "ಮೋಶೆ ಸಿಟ್ಟಿನಲ್ಲಿ ಒಡೆದ ಹತ್ತು ಆಜ್ಞೆಗಳ ಕಲ್ಲುಹಲಗೆ ಉಂಟಲ್ಲ, ಅದರ ಚೂರುಗಳನ್ನೂ ಹೊಸ ಹಲಗೆಯ ಜೊತೆ ಅದೇ ಪೆಟ್ಟಿಗೆಯಲ್ಲಿ ಇಟ್ಟಿದ್ರಂತೆ. ಕಲಿತದ್ದನ್ನು ಮರೆತ ಗುರುವಿಗೂ ಮೊದಲಿನಷ್ಟೇ ಮರ್ಯಾದೆ ಅಂತ ಹಳೆ ಗುರುಗಳು..."

"ಬೇಡ!"

ತಂದೂರಿನ ಮುಂದಿದ್ದ ಇರಾನಿಯೂ ಒಂದು ಸಲ ತಲೆ ಎತ್ತಿದ.

"ಗುರುಗಳು ಬೇಡ. ನನಗೆ ಸಾಕಾಗಿದೆ. ಹುಟ್ಟಿದಾಗಿನಿಂದ ಊಟಕ್ಕೆ ಕೂತ್ರೆ ಗುರುಗಳು, ಕಾರಲ್ಲಿ ಗುರುಗಳು. ನಿನ್ನದು ಅಂತ ಒಂದು ಮಾತು ಉಂಟಾ? ನನಗೆ ಪಾಠ ಬರ್ತದೆ ಅಂತ ನಾನು ಬೇಕಾ? ನನಗೆ ಒಂದಕ್ಷರ ಬರ್ದೇ ಇದ್ರೆ?"

ಆಸ್ಟಿನ್ ಬಾಯಿ ತೆರೆದ, ಮುಚ್ಚಿದ. ಸಾಲು ಇನ್ನೊಂದು ಹೆಜ್ಜೆ ಹೋಯಿತು. ಅವಳು ಕಾದಳು. ಅವನ ಮೌನ ಅಪ್ಪನದ್ದರ ಹಾಗಿರಲಿಲ್ಲ. ಇದರಲ್ಲಿ ಯಾರೋ ಒಳಗೆ ಓಡಾಡುವುದು ಕೇಳಿಸುತ್ತಿತ್ತು.

"ಗೊತ್ತಿಲ್ಲ," ಎಂದ ಕೊನೆಗೆ. "ಪಾಠ ಬರದ ಡೆಲ್ಮಾ ನನಗೆ ಪರಿಚಯ ಇಲ್ಲ. ಇರುವವಳು ಮಾತ್ರ ಗೊತ್ತು. ಅವಳು ಕಾರನ್ನು ಯಾವಾಗಲೂ ಗೆರೆಯ ಮೇಲೆ ಪಾರ್ಕ್ ಮಾಡ್ತಾಳೆ. ಎಕ್ಸ್‌ರೇಗೆ ಮಕ್ಕಳು ಬಂದ್ರೆ ಮೊದಲು ಅವರ ಗೊಂಬೆಯದ್ದು ತೆಗೀತಾಳೆ. ಸಿಟ್ಟು ಬಂದ್ರೆ ಹೆಬ್ಬೆರಳನ್ನು ಮುಷ್ಟಿಯ ಒಳಗೆ ಹಾಕ್ತಾಳೆ. ಈಗಲೂ ಹಾಕಿದ್ದಾಳೆ."

ಅವಳು ತಟ್ಟನೆ ಮುಷ್ಟಿ ಬಿಚ್ಚಿದಳು.

"ನೀನು ಬೈದ್ರೆ ನನಗೆ ಖುಷಿಯಾಗ್ತದೆ. ಬೇರೆ ಯಾರು ಬೈದ್ರೂ ಆಗುದಿಲ್ಲ. ಇದಕ್ಕೆ ಯಾವ ಗುರುವೂ ಕಾರಣ ಹೇಳಿಲ್ಲ. ನಾನು ಹುಡುಕಿ ನೋಡಿದ್ದೇನೆ."

ಅವನು ನಗಲಿಲ್ಲ. ಅವನ ಕಿವಿಗಳು ತಂದೂರಿನ ಬಾಯಿಯಷ್ಟು ಕೆಂಪಾಗಿದ್ದವು. ಅವಳ ದೃಷ್ಟಿ ಆ ಕಿವಿಯ ಹಿಂದಿನ ಗ್ರೀಸಿಗೆ ಹೋಗಿ, ಬೆರಳ ತುದಿ ಜುಮ್ಮೆಂದಿತು. ಒರೆಸಬೇಕೆನಿಸಿತು. ಒರೆಸಲಿಲ್ಲ.

"ಯಲ್ಲಾ ಉಖ್ತಿ," ಬೇಗ ಬಾ ತಂಗಿ ಎಂದು ಅರಬಿಯಲ್ಲಿ ಕರೆದ ಇರಾನಿ. ಸಾಲಿನ ತುದಿಗೆ ಅವರು ಬಂದಿದ್ದರು. ಬೆನ್ನಗಲದ ರೊಟ್ಟಿಗಳು ಉಬ್ಬಿ, ಹೊಗೆಯಾಡುತ್ತ ಅವಳ ಕೈಗೆ ಬಂದವು. ಬಿಸಿ ತಾಳದೆ ಅವಳು ಎಲ್ಲವನ್ನೂ ಆಸ್ಟಿನ್‌ನ ಕೈಗೆ ಹೇರಿದಳು.

"ಮನೆಗೆ ಬಾ," ಎಂದಳು.

ಅವನ ಕಣ್ಣಲ್ಲಿ ಏನೋ ಬೆಳಗಿತು.

"ಹಲ್ಲು ಕಿಸಿಬೇಡ. ಪಪ್ಪನ ಹತ್ತಿರ ಕೇಳಿದ್ದನ್ನು ವಾಪಸ್ ತಗೊಳ್ಳಿಕ್ಕೆ. ಅವರ ಎದುರು, ಮಮ್ಮಿಯ ಎದುರು ಹೇಳು, ನಾನು ಕೇಳಿದ್ದು ತಪ್ಪು, ಡೆಲ್ಮಾಳನ್ನು ಕೇಳಬೇಕಿತ್ತು ಅಂತ. ಅದರ ಮೇಲೆ ಎಂತ ಆಗ್ತದೆ ಅಂತ ನಾನು ಹೇಳುದಿಲ್ಲ. ಏನೂ ಆಗದೆಯೂ ಇರಬಹುದು."

"ಸರಿ," ಎಂದ ಅವನು. ಬಿಸಿ ರೊಟ್ಟಿಯನ್ನು ಮಗುವಿನಂತೆ ಎದೆಗೊತ್ತಿಕೊಂಡು ಅವಳ ಹಿಂದೆ ನಡೆದ.

ಲಿಫ್ಟ್ ಕೆಟ್ಟಿತ್ತು. ಇಬ್ಬರೂ ಮೆಟ್ಟಿಲು ಹತ್ತಿದರು. ಅವಳು ಮುಂದೆ, ಅವನು ಹಿಂದೆ. ಯಾವುದೋ ಮನೆಯ ಒಗ್ಗರಣೆ, ಯಾವುದೋ ಮನೆಯ ಟಿವಿ. ಒಂದು ತಿರುವಿನಲ್ಲಿ ಅವಳು ಉಸಿರಿಗೆ ನಿಂತಾಗ ಅವನೂ ನಿಂತ. ಕೆಳಗಿನ ಮೆಟ್ಟಿಲಿನಲ್ಲಿ, ಮುಖ ಎತ್ತಿ. ಅಷ್ಟು ಹತ್ತಿರದಿಂದ ಅವರು ಯಾವತ್ತೂ ಒಬ್ಬರನ್ನೊಬ್ಬರು ನೋಡಿರಲಿಲ್ಲ. ಅವಳೇ ಮೊದಲು ಕಣ್ಣು ತೆಗೆದಳು.

ಮಾಸ್ತರರು ಸೋಫಾದಲ್ಲಿದ್ದರು. ಫೆಲ್ಸಿ ಅಡುಗೆಮನೆಯಿಂದ ಇಣುಕಿ, ಆಸ್ಟಿನ್‌ನನ್ನು ಕಂಡು ಎಪ್ರನ್ ಸರಿಮಾಡಿಕೊಂಡರು.

ಆಸ್ಟಿನ್ ರೊಟ್ಟಿಯನ್ನು ಮೇಜಿನ ಮೇಲಿಟ್ಟು, ಮಾಸ್ತರರ ಎದುರಿಗೆ ಹೋಗಿ ನೆಟ್ಟಗೆ ನಿಂತ. "ಸರ್, ನಾನು ಒಂದು ಮಾತು ವಾಪಸ್ ತಗೊಳ್ಳಿಕ್ಕೆ ಬಂದೆ."

ಮಾಸ್ತರರು ಅವನ ನೀಲಿ ಪ್ಯಾಂಟನ್ನು, ಶೂವನ್ನು, ಮುಖವನ್ನು ಸೌಜನ್ಯದಿಂದ ನೋಡಿದರು. ಅವರ ಕಣ್ಣಿನಲ್ಲಿ ಒಂದು ಎಳೆ ಗುರುತೂ ಇರಲಿಲ್ಲ.

"ಏಸಿ ರಿಪೇರಿಯವರಾ? ಒಳಗಿನ ರೂಮಿನದ್ದು, ನೀರು ಬೀಳ್ತದೆ. ನೋಡಿ ಆಯ್ತಾ?"

ಅಡುಗೆಮನೆಯಲ್ಲಿ ಏನೋ ಕೆಳಗೆ ಬಿತ್ತು. ಫೆಲ್ಸಿ ಬಾಯಿಗೆ ಕೈ ಒತ್ತಿ ನಿಂತಿದ್ದರು.

ಆಸ್ಟಿನ್ ಅಲುಗಲಿಲ್ಲ. ವರ್ಷಗಟ್ಟಲೆ ಶುಕ್ರವಾರಗಳು, ಬೆಳಗಿನ ಪಾಸು, ಎಲ್ಲ ಅವನ ಮುಖದಿಂದ ನಿಧಾನ ಇಳಿದುಹೋದದ್ದನ್ನು ಡೆಲ್ಮಾ ನೋಡಿದಳು. ಈಗ ತಿರುಗಿ ಹೋಗುತ್ತಾನೆ ಎಂದುಕೊಂಡಳು. ಹೋಗಲು ಅವನಿಗೆ ಇದಕ್ಕಿಂತ ಸುಲಭದ ಬಾಗಿಲು ಸಿಗುವುದಿಲ್ಲ. ಕೊಟ್ಟವರಿಗೇ ನೆನಪಿಲ್ಲದ ಮಾತು ಅದು.

"ಆಯ್ತು ಸರ್, ನೋಡ್ತೇನೆ," ಎಂದ ಆಸ್ಟಿನ್, ಮೆತ್ತಗೆ. "ಬಕೆಟ್ ಎಲ್ಲಿ ಉಂಟು?"

ಆ ದನಿಯಲ್ಲಿ ಕರುಣೆಯಿರಲಿಲ್ಲ. ಅದೇ ಹಳೆಯ 'ಸರ್' ಇತ್ತು.

ಡೆಲ್ಮಾಳಿಗೆ ಬೆಳಗಿನಿಂದ ಕಟ್ಟಿನಿಂತಿದ್ದದ್ದೆಲ್ಲ ಒಟ್ಟಿಗೆ ನುಗ್ಗಿತು. "ಅವನು ಏಸಿಯವನಲ್ಲ ಪಪ್ಪ!" ಕೂಗಿಯೇ ಹೇಳಿದಳು. "ಅವನು ಆಸ್ಟಿನ್. ನಿಮ್ಮ ಹತ್ತಿರ ಕಲಿತವನು. ಅವನನ್ನು ಕರ್ಕೊಂಡು ಬಂದದ್ದು ನಾನು. ನೀವಲ್ಲ. ನಾನು."

ಮಾಸ್ತರರು ಮಗಳ ಕಡೆಗೆ ತಿರುಗಿದರು. ಅವಳನ್ನು ಗುರುತು ಹಿಡಿದರು; ಅದು ಕಣ್ಣಿನಲ್ಲಿ ಕಂಡಿತು. ಅವಳ ಒದ್ದೆ ಕೆನ್ನೆಯನ್ನು, ನಡುಗುವ ಗಲ್ಲವನ್ನು ತುಂಬ ಹೊತ್ತು ನೋಡಿದರು. ಆಮೇಲೆ ಆ ಅಪರಿಚಿತ ಹುಡುಗನನ್ನು ನೋಡಿದರು.

"ನಿನಗೆ ಇವನು ಬೇಕಾ ಡೆಲ್ಮಾ?"

ಯಾರೂ ಕೇಳದ ಪ್ರಶ್ನೆ.

"ಬೇಕು," ಎಂದಳು ಅವಳು, ಇನ್ನೂ ಸಿಟ್ಟಿನಲ್ಲೇ. "ನನಗೆ ಬೇಕು ಪಪ್ಪ."

ಆಸ್ಟಿನ್ ಅವಳನ್ನು ನೋಡುತ್ತಿದ್ದ, ನೋಡಲು ಹಣ ಕೊಡಬೇಕಾದ ಏನನ್ನೋ ಪುಕ್ಕಟೆ ನೋಡುವವನ ಹಾಗೆ. ಡೆಲ್ಮಾ ದುಪಟ್ಟಾದ ತುದಿಯಿಂದ ಮೂಗು ಒರೆಸಿಕೊಂಡಳು. ಅದೇ ತುದಿಯಿಂದ ಅವನ ಕಿವಿಯ ಹಿಂದಿನ ಗ್ರೀಸನ್ನು ತಿಕ್ಕಿದಳು, ನೋವಾಗುವ ಹಾಗೆ.

"ನಿಂತು ಎಂತ ನೋಡ್ತಿ," ಎಂದಳು. "ರೊಟ್ಟಿ ಆರ್ತಾ ಉಂಟು. ಕೂತ್ಕೋ."